ಇಂದಿನ ಚಿಂತನೆ: ಮೆಲ್ಲಗೆ ಮುಪ್ಪಾಗುವುದು



ದೇಹದ ಒಂದು ಕಿಣ್ವವನ್ನು ಎಬ್ಬಿಸಿದರೆ ಮುಪ್ಪು ದೂರವಾಗುತ್ತದಂತೆ, ನಿಜವೇ ಎಂದು ಬಂಧುಗಳೊಬ್ಬರು ಕೇಳಿದ್ದಾರೆ. ಆ ಕಿಣ್ವದ ಹೆಸರು ಎಎಂಪಿಕೆ. ಜೀವಕೋಶದಲ್ಲಿ ಶಕ್ತಿ ಕಡಿಮೆಯಾದಾಗ ಅದು ಎಚ್ಚರಗೊಳ್ಳುತ್ತದೆ. ಕೂಡಿಟ್ಟ ಕೊಬ್ಬನ್ನು ಉರಿಸಲು, ಕೋಶದೊಳಗಿನ ಹಳೆಯ ಕಸವನ್ನು ಒಡೆದು ಮತ್ತೆ ಬಳಸಲು ಹಚ್ಚುತ್ತದೆ. (ಈ ಕಸ ತೆಗೆಯುವ ಕೆಲಸ ಹೇಗೆ ನಡೆಯುತ್ತದೆಂದು ತೋರಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು.) ಮೈಮುರಿದು ದುಡಿದಾಗ, ಹೊಟ್ಟೆ ಖಾಲಿ ಬಿಟ್ಟಾಗ ಅದು ಏಳುತ್ತದೆ. ನಮ್ಮಲ್ಲಿ ಅನೇಕರು ನುಂಗುವ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ ಕೂಡ ಅದನ್ನು ಎಬ್ಬಿಸುತ್ತದೆ. ಪ್ರಯೋಗಾಲಯದ ಹುಳುಗಳಲ್ಲಿ ಈ ಕಿಣ್ವ ಹೆಚ್ಚಿಸಿದಾಗ ಆಯುಷ್ಯ ಬೆಳೆದಿದೆ. ಮನುಷ್ಯರಲ್ಲಿ ಇನ್ನೂ ಸಿದ್ಧವಾಗಿಲ್ಲ.

ನನಗೆ ಸಂಯುತ್ತ ನಿಕಾಯದ ದೋಣಪಾಕ ಸುತ್ತ ನೆನಪಾಯಿತು. ಕೋಸಲದ ಪಸೇನದಿ ರಾಜ ಒಂದು ದ್ರೋಣದಷ್ಟು ಅನ್ನ ಉಂಡು ಏದುಸಿರು ಬಿಡುತ್ತ ಭಗವಾನರ ಬಳಿ ಬಂದ. ಅಳತೆಯರಿತು ಎಚ್ಚರದಿಂದ ಉಣ್ಣುವವನ ಬಾಧೆ ತಗ್ಗುತ್ತದೆ, ಅವನು ಮೆಲ್ಲಗೆ ಮುಪ್ಪಾಗುತ್ತಾನೆ ಎಂದು ಭಗವಾನರು ತಿಳಿಹೇಳಿದರು. ರಾಜ ಸುದಸ್ಸನನೆಂಬ ಹುಡುಗನಿಗೆ ದಿನಕ್ಕೆ ನೂರು ಕಹಾಪಣ ಗೊತ್ತುಮಾಡಿ, ಊಟದ ಹೊತ್ತಿಗೆ ಆ ಗಾಥೆಯನ್ನೇ ಹೇಳಿಸಿಕೊಂಡ. ಬರಬರುತ್ತ ಮೈ ಹಗುರಾಯಿತು. ಮುಪ್ಪು ಬಾರದೆಂದು ಭಗವಾನರು ಎಲ್ಲೂ ಹೇಳಲಿಲ್ಲ, ಮೆಲ್ಲಗೆ ಎಂದಷ್ಟೇ ಅಂದರು. ಗುಳಿಗೆ ಮಾರುವವರು ಆ ಒಂದು ಪದವನ್ನು ಬಿಟ್ಟುಬಿಡುತ್ತಾರೆ.

ಆದರೆ ಅದನ್ನು ಹೇಳಿದ್ದು ರಾಜನಿಗೆ. ಶಹಾಬಾದಿನ ಗಣಿಯಲ್ಲಿ ಕಲ್ಲು ಒಡೆಯುವ ಅಣ್ಣನಿಗೆ, ಚಿಂಚೋಳಿಯ ತೊಗರಿ ಹೊಲದಲ್ಲಿ ಎರಡು ರೊಟ್ಟಿಯ ಬುತ್ತಿಯ ಮೇಲೆ ಸಂಜೆತನಕ ಬಾಗಿ ದುಡಿಯುವ ಅವ್ವನಿಗೆ ನಾನು ಹೇಗೆ ಹೇಳಲಿ? ಕಿಣ್ವ ಎಬ್ಬಿಸುವ ಹಸಿವು, ದುಡಿಮೆ ಎರಡೂ ಅವರ ಬಳಿ ಬೇಕಾದಷ್ಟಿವೆ. ಆದರೂ ಐವತ್ತಕ್ಕೇ ಸೊರಗಿದವರನ್ನು ನಾನು ದಿನಾ ನೋಡುತ್ತೇನೆ. ಖಾಲಿ ಹೊಟ್ಟೆ ಮನೆಯ ಕಸ ಗುಡಿಸೀತು, ಬಿದ್ದ ಗೋಡೆ ಕಟ್ಟಲು ಬೇಳೆಯೇ ಬೇಕು. ಸಿದ್ಧಾರ್ಥರು ಹೊಟ್ಟೆ ಮುಟ್ಟಿದರೆ ಬೆನ್ನೆಲುಬು ಕೈಗೆ ಸಿಗುವಷ್ಟು ಉಪವಾಸ ಮಾಡಿ ನೋಡಿ, ಇದು ದಾರಿಯಲ್ಲವೆಂದು ಅನ್ನ ಉಂಡರು. ಉಣ್ಣಲು ಇದ್ದೂ ಕೈ ಹಿಡಿಯುವುದು ಶೀಲ. ಇಲ್ಲದ್ದಕ್ಕೆ ಹಸಿದಿರುವುದನ್ನು ಶೀಲ ಎಂದು ಹೊಗಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಬರುವ ಹುಣ್ಣಿಮೆಗೆ ಅಷ್ಟಶೀಲ ಹಿಡಿಯುವವರಲ್ಲಿ ಶುಗರ್ ಗುಳಿಗೆ, ಇನ್ಸುಲಿನ್ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿರಿ. ಉಳಿದವರು ಬಿಡುವ ಆ ಹೊತ್ತಿನ ಜೋಳ, ಬೇಳೆ ವಿಹಾರಕ್ಕೆ ತನ್ನಿರಿ. ಕೂಲಿಯಿಂದ ಬರುವವರಿಗೆ ಸಂಜೆ ಅಲ್ಲೇ ಅಡುಗೆ ಮಾಡೋಣ.