ನಿತ್ಯ ನಿರ್ಮಾಲ್ಯ ವಿಸರ್ಜನೆ

ಶ್ರೀಹರಿವಾಯುಗುರುಭ್ಯೋ ನಮಃ



ನಿನ್ನೆ ಏರಿಸಿದ ತುಳಸಿ-ಹೂಗಳನ್ನು ತೆಗೆಯದೆ ದೇವರಿಗೆ ಇಂದಿನ ಅಲಂಕಾರವಿಲ್ಲ. ಇದೇ ನಿರ್ಮಾಲ್ಯ ವಿಸರ್ಜನೆ. ನಿನ್ನೆಯ ಮಾಲೆ ಕೆಟ್ಟದ್ದೆಂದು ನಾವು ತೆಗೆಯುವುದಿಲ್ಲ, ಕಣ್ಣಿಗೊತ್ತಿಕೊಂಡೇ ತೆಗೆಯುತ್ತೇವೆ. ಅದರ ಸೇವೆ ಮುಗಿಯಿತು, ಅಷ್ಟೆ. ವರ್ಷಕ್ಕೊಮ್ಮೆ ತೆಗೆದರಾಯಿತೆಂದು ಯಾರೂ ಬಿಡುವುದಿಲ್ಲ. ದೇವರ ಮನೆಯ ಈ ನಿತ್ಯನಿಯಮ ಉಳಿದ ಕೋಣೆಗಳಿಗೆ ಏಕೆ ಬೇಡ?

ನಮ್ಮ ಪಿ.ಜೆ. ಬಡಾವಣೆಯ ಮನೆಗಳ ಅಟ್ಟವನ್ನೇ ನೋಡೋಣ. ಕಾಲು ಮುರಿದ ತೊಟ್ಟಿಲು, ತೂತುಬಿದ್ದ ಹಂಡೆ, ಮಕ್ಕಳು ಓದಿ ಬಿಟ್ಟ ಪಠ್ಯಪುಸ್ತಕ, ಉಡುಗೊರೆಯಾಗಿ ಬಂದು ಡಬ್ಬಿಯಿಂದ ಹೊರಬರದ ಸ್ಟೀಲ್ ಪಾತ್ರೆ. 'ಇರಲಿ, ಎಂದಾದರೂ ಬೇಕಾದೀತು' ಎನ್ನುತ್ತೇವೆ. ಬೇಕಾದ ದಿನ ಅದು ಕೈಗೆ ಸಿಗುವುದಿಲ್ಲ. ಏಕಾದಶಿಯಂದು ಪಾರಾಯಣದ ಪುಸ್ತಕ ಹುಡುಕುವುದರಲ್ಲೇ ಮನಸ್ಸು ಕಲಕಿರುತ್ತದೆ.

ಭಾಗವತದ ಏಕಾದಶ ಸ್ಕಂಧದಲ್ಲಿ ಶ್ರೀಕೃಷ್ಣನು ಉದ್ಧವನಿಗೆ ಅವಧೂತನ ವೃತ್ತಾಂತವನ್ನು ಹೇಳುತ್ತಾನೆ. ಅವಧೂತನು ಗುರುವೆಂದು ಎಣಿಸಿದವರಲ್ಲಿ ಕುರರ ಪಕ್ಷಿಯೂ ಒಂದು. ಮಾಂಸದ ತುಂಡನ್ನು ಹಿಡಿದಿದ್ದ ಅದನ್ನು ಬಲಿಷ್ಠ ಹಕ್ಕಿಗಳು ಪೀಡಿಸಿದವು. ತುಂಡನ್ನು ಬಿಟ್ಟೊಡನೆ ಅದಕ್ಕೆ ನೆಮ್ಮದಿ ದೊರೆಯಿತು. ನಮ್ಮನ್ನು ಪೀಡಿಸುವುದು ಅಟ್ಟದ ಹಂಡೆಯಲ್ಲ, 'ನನ್ನದು' ಎಂಬ ಹಿಡಿತ. ಶ್ರೀಹರಿಯೊಬ್ಬನೇ ಸ್ವತಂತ್ರನು, ಉಳಿದುದೆಲ್ಲ ಅವನ ಅಧೀನವೆಂದು ಶ್ರೀಮದಾಚಾರ್ಯರು ಬೋಧಿಸಿದರು. ಅವನ ವಸ್ತುವಿಗೆ ನಾವು ಕಾವಲುಗಾರರೇ ಹೊರತು ಒಡೆಯರಲ್ಲ.

ಹಾಗೆಂದು ಒಂದೇ ದಿನ ಮನೆಯನ್ನು ಬರಿದುಮಾಡಬೇಕಿಲ್ಲ. ಚಾತುರ್ಮಾಸ್ಯದಲ್ಲಿ ಹಿರಿಯರು ನಮಗೆ ಕಲಿಸಿದ ಕ್ರಮವೇನು? ಮೊದಲ ತಿಂಗಳು ಶಾಕ, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳ. ಒಂದೊಂದಾಗಿಯೇ ತ್ಯಾಗ. ಹಾಗೆಯೇ ಸಂಜೆ ದೀಪ ಹಚ್ಚುವ ಮುನ್ನ ಕಾಲು ಗಂಟೆ, ದಿನಕ್ಕೊಂದು ಗೂಡು ಸಾಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತನು ಕಳವಳಗೊಂಡದ್ದು, ಹಾಲು ಬತ್ತಿದ ಮುದಿ ಹಸುಗಳನ್ನು ತಂದೆ ದಾನಕ್ಕೆ ತಂದುದನ್ನು ಕಂಡು. ಹರಿದ ಸೀರೆ, ಒಡೆದ ಪಾತ್ರೆಗಳನ್ನು ಮನೆಗೆಲಸದವಳ ಕೈಗಿತ್ತು ದಾನವೆಂದುಕೊಳ್ಳಬಾರದು. ಉಪಯೋಗಕ್ಕೆ ಬರುವುದು ಮಾತ್ರ ದಾನಕ್ಕೆ, ಮುರಿದದ್ದು ಗುಜರಿಗೆ.

ಎರಡನೆಯದು, ಹಿರಿಯರ ವಸ್ತುಗಳು. ವೃದ್ಧ ತಾಯಿಯ ಪೆಟ್ಟಿಗೆಯನ್ನು ಅವರಿಲ್ಲದ ವೇಳೆ ಬರಿದುಮಾಡಿ ಮನೆ ಸ್ವಚ್ಛವಾಯಿತೆಂದರೆ, ಮನೆ ಸ್ವಚ್ಛವಾಗಿರಬಹುದು, ಆ ತಾಯಿಯ ನೆಮ್ಮದಿ ಹೋಯಿತು. ಅವರ ಬಳಿ ಕುಳಿತು ಕೇಳಬೇಕು, ಬೇಡವೆಂದರೆ ಬಿಡಬೇಕು. ತ್ಯಾಗ ನಮ್ಮ ವಸ್ತುವಿನಿಂದ ಆರಂಭವಾಗಲಿ.

ಮೂರನೆಯದು, ದೇವರ ಚಿತ್ರವಿರುವ ಕ್ಯಾಲೆಂಡರು, ಲಗ್ನಪತ್ರಿಕೆಗಳು. ಅವನ್ನು ಅಶ್ವತ್ಥ ಕಟ್ಟೆಯಲ್ಲಿಡುವುದೂ ಬೇಡ, ಹರಿಹರದ ಸೇತುವೆಯಿಂದ ತುಂಗಭದ್ರೆಗೆ ಎಸೆಯುವುದೂ ಬೇಡ. ಆ ನದಿಯೇ ಮುಂದೆ ಮಂತ್ರಾಲಯದಲ್ಲಿ ರಾಯರ ಸನ್ನಿಧಿಯ ಬಳಿ ಹರಿಯುತ್ತದೆಯಲ್ಲವೆ? ಕಾಗದವನ್ನು ಮನೆಯಲ್ಲೇ ನೀರಿನಲ್ಲಿ ನೆನೆಸಿ, ಕರಗಿದ ಮೇಲೆ ಯಾರೂ ತುಳಿಯದ ಕಡೆ ಮಣ್ಣಿಗೆ ಸೇರಿಸಬಹುದು.

ಪ್ರತಿದಿನ ಒಂದು ವಸ್ತುವನ್ನು ಕೈಯಿಂದ ಬಿಡುವಾಗ 'ನನ್ನದಲ್ಲ, ನಿನ್ನದು' ಎಂದು ಸ್ಮರಿಸೋಣ. ಹೀಗೆ ಬಿಟ್ಟು ಬಿಟ್ಟು ಅಭ್ಯಾಸವಾದವನಿಗೆ, ಎಲ್ಲವನ್ನೂ ಬಿಟ್ಟು ಹೊರಡಬೇಕಾದ ದಿನವೂ ಭಾರವೆನಿಸದು.

ಶ್ರೀಕೃಷ್ಣಾರ್ಪಣಮಸ್ತು