ಕೀರ್ತಿಗೊಬ್ಬ ಮಗ

ಮನೆತನದ ಕಸುಬಿಗೆ ನಿಜವಾದ ವಾರಸುದಾರರು ಯಾರು? ಮನೆಯ ಹೆಸರು ಹೊತ್ತವರೋ, ಕೆಲಸ ಬಲ್ಲವರೋ? ತಲೆತಲಾಂತರದಿಂದ ವೈನು ಮಾಡುತ್ತ ಬಂದಿರುವ ಮನೆತನಗಳ ವಿಷಯ ಓದುವಾಗ ಈ ಪ್ರಶ್ನೆ ಹುಟ್ಟಿತು. "ಕುಡಿಯೋರ ಸಮಾಚಾರ ನಮಗ್ಯಾಕ್ರೀ?" ಎಂದು ವಿದ್ಯಾರಣ್ಯಪುರಂನ ನಮ್ಮ ಬೀದಿಯ ಗೆಳತಿಯರು ಮೂಗು ಮುರಿದರು. ಕುಡಿತದಿಂದ ಹಾಳಾದ ಸಂಸಾರಗಳನ್ನು ಕಣ್ಣಾರೆ ಕಂಡವರು ಇನ್ನೇನು ತಾನೇ ಅಂದಾರು? 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ನೆಮ್ಮದಿಯ ಉಸಿರು ಬಿಟ್ಟವರಲ್ಲಿ ನಾನೂ ಒಬ್ಬಳು. ಆದರೂ ಸೀಸೆಯ ಮೇಲಿನ ಹೆಸರಿಗೊಂದು ಕಥೆ ಇರುತ್ತದಲ್ಲ, ಅದು ನನ್ನನ್ನು ಎಳೆಯಿತು.

ನಮ್ಮ ನಾಡಿನದನ್ನೇ ನೋಡಿ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ಕನ್ವಲ್ ಗ್ರೋವರ್ ಎಂಬುವರು 1988ರಲ್ಲಿ ಫ್ರಾನ್ಸಿನ ತಳಿಯ ದ್ರಾಕ್ಷಿ ನೆಡಿಸಿದರು. ದ್ರಾಕ್ಷಿಬಳ್ಳಿ ಅವಸರದವರ ಬೆಳೆಯಲ್ಲ. 1992ರಲ್ಲಿ ಮೊದಲ ವೈನು ಹೊರಬಂತು. ಅವರ ಮಗ ಕಪಿಲ್, ಆಮೇಲೆ ಮೊಮ್ಮಗ ಕರಣ್ ಆ ಕೆಲಸ ಮುಂದುವರಿಸಿದರು. ಅಜ್ಜ, ಅಪ್ಪ, ಮಗ. ಇದು ನಮಗೆ ಪರಿಚಯದ ದಾರಿಯೇ. ಪೇಟೆಯಲ್ಲಿ 'ಅಂಡ್ ಸನ್ಸ್' ಎಂಬ ಬೋರ್ಡುಗಳು ಬೇಕಾದಷ್ಟಿವೆ. 'ಅಂಡ್ ಡಾಟರ್ಸ್' ಎಂಬುದನ್ನು ನಾನಂತೂ ಕಂಡಿಲ್ಲ. 'ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ' ಎಂದು ಗಾದೆಯನ್ನೇ ಕಟ್ಟಿಟ್ಟ ಜನ ನಾವು.

ಇಟಲಿಯ ಫ್ಲಾರೆನ್ಸಿನಲ್ಲಿ ಆಂಟಿನೋರಿ ಎಂಬ ಮನೆತನವಿದೆ. 1385ರಿಂದ ವೈನಿನ ಕಸುಬು. ನಮ್ಮ ಬಡಾವಣೆಗೆ ಹೆಸರಾದ ವಿದ್ಯಾರಣ್ಯರ ಕಾಲ ಅದು! ಇಪ್ಪತ್ತಾರನೆಯ ತಲೆಮಾರಿಗೆ ಬರುವ ಹೊತ್ತಿಗೆ ಮನೆಯಲ್ಲಿ ಗಂಡುಮಕ್ಕಳಿಲ್ಲ, ಮೂವರೂ ಹೆಣ್ಣುಮಕ್ಕಳು. ಹಿರಿಯಳು ಅಲ್ಬಿಯೆರಾ ಸಂಸ್ಥೆಯ ಅಧ್ಯಕ್ಷೆಯಾದಳು. ಓದಿ ಹಿಗ್ಗಿದೆ. ಹಿಂದೆಯೇ ಒಂದು ಮುಳ್ಳೂ ಚುಚ್ಚಿತು: ಒಬ್ಬ ತಮ್ಮನಿದ್ದಿದ್ದರೆ?

ಫ್ರಾನ್ಸಿನ ಮೇಡಂ ಕ್ಲಿಕೋಳ ಕಥೆ ಇನ್ನೂ ತೊಡಕಿನದು. 1805ರಲ್ಲಿ ಗಂಡ ತೀರಿಕೊಂಡಾಗ ಆಕೆಗೆ 27 ವರ್ಷ, ಜೊತೆಗೊಬ್ಬ ಪುಟ್ಟ ಮಗಳು. ಮೂಲೆಯಲ್ಲಿ ಕೂರದೆ ಶಾಂಪೇನ್ ವ್ಯಾಪಾರವನ್ನೇ ಕೈಗೆತ್ತಿಕೊಂಡಳು. ಸೀಸೆಯ ತಳದಲ್ಲಿ ನಿಲ್ಲುವ ಗಸಿಯನ್ನು ಬಿರಡೆಯ ಕಡೆಗೆ ಇಳಿಸಿ ತೆಗೆಯಲು, ತೂತು ಕೊರೆದ ಮೇಜೊಂದು ಅವಳ ನೆಲಮಾಳಿಗೆಯಲ್ಲಿ ಬಳಕೆಗೆ ಬಂತು. ಇಂದಿಗೂ ಆ ಸೀಸೆಗಳ ಮೇಲೆ 'ವೆವ್' ಎಂದಿರುತ್ತದೆ; ಎಂದರೆ ವಿಧವೆ. ಶುಭಕಾರ್ಯಗಳಲ್ಲಿ ನಾವು ಹಿಂದಕ್ಕೆ ಸರಿಸಿದ ಶಬ್ದವನ್ನು ಅವರು ಹಬ್ಬದ ಸೀಸೆಗೆ ಅಂಟಿಸಿದರು.

ಆದರೆ ಇಷ್ಟೆಲ್ಲ ಮಾಡಿದ ಆಕೆ ಕೊನೆಗೆ ವ್ಯಾಪಾರವನ್ನು ಒಪ್ಪಿಸಿದ್ದು ಮಗಳಿಗಲ್ಲ. ಕೆಳಗಿನಿಂದ ಕೆಲಸ ಮಾಡಿ ಪಾಲುದಾರನಾಗಿ ಮೇಲೆ ಬಂದಿದ್ದ ಎದುವಾರ್ ವೆರ್ಲೆ ಎಂಬಾತನಿಗೆ. ತಾಯಿಯಾಗಿ ಇದು ನ್ಯಾಯವೇ? ಕಸುಬು ಬಲ್ಲವನಿಗೇ ಕಸುಬು ಎಂದರೆ ಒಪ್ಪಬೇಕು. ಆದರೆ ಮಗಳಿಗೆ ಅದನ್ನು ಕಲಿಸಿದ್ದರೆ ತಾನೇ ಬಲ್ಲಳೋ ಇಲ್ಲವೋ ತಿಳಿಯುವುದು? ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂದು ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರಲ್ಲಿ ದೇಶಕ್ಕೆಲ್ಲ ಆ ಕಾನೂನು ಬಂತು. ಹೊಲ, ಮನೆ ಹಂಚಬಹುದು. ಕೈಯಲ್ಲಿರುವ ಹದವನ್ನು ಯಾವ ಸಬ್‌ರಿಜಿಸ್ಟ್ರಾರ್ ಬರೆಸಿಕೊಟ್ಟಾರು?

ನಮ್ಮ ಬೀದಿಯ ಕ್ರೈಸ್ತ ಅಜ್ಜಿಯೊಬ್ಬರು ಪ್ರತಿವರ್ಷ ಕ್ರಿಸ್‌ಮಸ್‌ಗೆ ಕರಿದ್ರಾಕ್ಷಿಯ ವೈನನ್ನು ಜಾಡಿಯಲ್ಲಿಡುತ್ತಾರೆ. ಮನೆಮಂದಿಗಷ್ಟೇ. ಅವರಿಗೆ ಅದು ತಾಯಿಯಿಂದ ಬಂತು, ಆಕೆಗೆ ಅತ್ತೆಯಿಂದ. ನಡುವೆ ಮನೆಹೆಸರು ಬದಲಾಗಿದೆ, ಕೈರುಚಿ ಬದಲಾಗಿಲ್ಲ. ಈಗ ಸೊಸೆ ಕಲಿಯುತ್ತಿದ್ದಾಳೆ. ಸಕ್ಕರೆ ಎಷ್ಟು ಹಾಕಲಿ ಎಂದು ಅವಳು ಪುಸ್ತಕ ಪೆನ್ನು ಹಿಡಿದು ಕೇಳಿದರೆ, "ಅದನ್ನಿಟ್ಟು ಬಾ, ಮೊದಲು ಹಣ್ಣು ತಿಂದು ನೋಡು" ಎನ್ನುತ್ತಾರೆ ಅಜ್ಜಿ.