ವಿಧವೆಯ ಎಣ್ಣೆ, ನನ್ನ ಸಿಬಿಲ್ ರಿಪೋರ್ಟ್

ಕರ್ತನಲ್ಲಿ ಪ್ರಿಯ ಯೌವನಸ್ಥರೇ, ನಿಮ್ಮ ವಯಸ್ಸಿನಲ್ಲಿ ನಾನೂ ಕ್ರೆಡಿಟ್ ಕಾರ್ಡ್ ಸಾಲ ಕಟ್ಟದೆ ಬಿಟ್ಟಿದ್ದೆ. ರಿಕವರಿಯವರ ಫೋನ್ ಕಟ್ ಮಾಡಿ, ಮೊಣಕಾಲೂರಿ "ಅದ್ಭುತ ಮಾಡು ಕರ್ತನೇ" ಅಂತಿದ್ದೆ!

2 ಅರಸುಗಳು 4ನೇ ಅಧ್ಯಾಯ ನೋಡಿ. ಆ ವಿಧವೆ ತನ್ನ ಸಾಲವನ್ನು ಎಲೀಷನಿಂದ ಮುಚ್ಚಿಡಲಿಲ್ಲ. ದೇವರು ಎಣ್ಣೆ ಹೆಚ್ಚಿಸಿದನು. ಅದನ್ನು ಮಾರಿ ಸಾಲ ತೀರಿಸುವ ಕೆಲಸ ಆಕೆಗೇ ಬಂತು.

ನಾನೂ ಹೆದರುತ್ತಲೇ ಸಿಬಿಲ್ ರಿಪೋರ್ಟ್ ತೆಗೆದೆ. ವರ್ಷಕ್ಕೊಮ್ಮೆ ಅದು ಉಚಿತ. ಕಡಿಮೆಗೆ ಮುಗಿಸಿದರೆ 'ಸೆಟಲ್ಡ್' ಎಂಬ ಗುರುತು ಬೀಳುತ್ತದೆ. ಅದಕ್ಕೆ ಬೈಕ್ ಮಾರಿ ಪೂರ್ತಿ ಕಟ್ಟಿದೆ, ನೋ ಡ್ಯೂಸ್ ಪತ್ರ ತಗೊಂಡೆ, 'ಕ್ಲೋಸ್ಡ್' ಅಂತ ಬರೋವರೆಗೂ ನೋಡ್ತಾ ಇದ್ದೆ. ಹಲ್ಲೆಲೂಯಾ!

ಈ ರಾತ್ರಿ ಪ್ರಾರ್ಥನೆಗೆ ಕೂರುವಾಗ ನಿಮ್ಮ ರಿಪೋರ್ಟನ್ನೂ ಕರ್ತನ ಮುಂದೆ ತೆರೆದಿಡಿ. ಆಮೆನ್?